ಮಗಳನ್ನು ಆಕ್ಸಿಲರೇಟರ್ ಲ್ಯಾಬಿಗೆ ಕಳಿಸಬಹುದೇ? ಕಳಿಸಿ

ದೆಹಲಿಯ ಆಕ್ಸಿಲರೇಟರ್, ಅಂದರೆ ಕಣಗಳಿಗೆ ವೇಗ ಕೊಡುವ ಯಂತ್ರದ ಕೇಂದ್ರದ ಬಗ್ಗೆ ಒಮ್ಮೆ ಬರೆದದ್ದೇ ತಡ, ಪತ್ರಗಳು ಬರುತ್ತಲೇ ಇವೆ. ಸಂತೋಷ. ಆದರೆ ಮುಕ್ಕಾಲು ಪತ್ರಗಳಲ್ಲಿ ಅದೇ ಭಯ, ಅವೇ ಕಟ್ಟುಕಥೆ. ಬಾಂಬು, ಕಪ್ಪು ರಂಧ್ರ, ಬಂಜೆತನ. ಪರಮಾಣುವಿನ ನಡುವಿನ ತಿರುಳು ನ್ಯೂಕ್ಲಿಯಸ್, ವಿದ್ಯುದಾವೇಶ ಹೊತ್ತ ಪರಮಾಣು ಅಯಾನು. ಇದಕ್ಕಿಂತ ಜಾಸ್ತಿ ಇಲ್ಲಿ ಮತ್ತೆ ಹೇಳುವುದಿಲ್ಲ. ಅದು ಹೈಸ್ಕೂಲಿನ ಪುಸ್ತಕದಲ್ಲಿದೆ. ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಅದಕ್ಕೆ ಸರಿಯಾದ ಉತ್ತರ ಸಿಗದೆ ನಮ್ಮ ಕಡೆಯ ಒಳ್ಳೊಳ್ಳೆ ಹುಡುಗಿಯರು ಮನೆಯಲ್ಲೇ ಉಳಿದುಬಿಡುತ್ತಾರೆ.

ರಾಣೆಬೆನ್ನೂರಿನ ತಂದೆಯೊಬ್ಬರ ಪತ್ರ: "ಮಗಳು ಧಾರವಾಡದಾಗ ಫಿಸಿಕ್ಸ್ ಪಿಎಚ್.ಡಿ. ಮಾಡಾಕತ್ತಾಳ್ರಿ. ಈಗ ದೆಹಲಿಗೆ ಹೋಗಿ ಆ ಆಕ್ಸಿಲರೇಟರ್ ಮಷಿನ್ ಇದ್ದಲ್ಲಿ ಒಂದು ವಾರ ಕೆಲಸ ಮಾಡಬೇಕಂತ. ರಾತ್ರಿನೂ ಇರಬೇಕಂತ. ರೇಡಿಯೇಶನ್ ಅಂದ್ರ ನಮಗ ಅಂಜಿಕಿ. ನಾಳೆ ಮದುವಿ ಆಗೋ ಹುಡುಗಿ. ಮುಂದ ಮಕ್ಕಳಾಗೂದಿಲ್ಲ ಅಂತ ಬೀಗರೊಬ್ಬರು ಹೇಳಿದರು. ಕಳಸಲೋ ಬ್ಯಾಡೋ?"

ಕಳಿಸಿ, ಯಜಮಾನರೇ. ರೈಲಿನ ಟಿಕೆಟ್ ಇವತ್ತೇ ಮಾಡಿಸಿ. ನಿಮ್ಮ ಬೀಗರು ಹೇಳಿದ್ದು ಸುಳ್ಳು.

ಮೊದಲು ಆ ಜಾಗ ಯಾವುದು ಅಂತ ತಿಳಿದುಕೊಳ್ಳಿ. ಅದರ ಹೆಸರು ಅಂತರ ವಿಶ್ವವಿದ್ಯಾಲಯ ಆಕ್ಸಿಲರೇಟರ್ ಕೇಂದ್ರ. ಜೆಎನ್‌ಯು ಪಕ್ಕದಲ್ಲಿದೆ. ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ ಯುಜಿಸಿ 1984ರಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಅಂತ ಶುರು ಮಾಡಿತು. ಇಷ್ಟು ದೊಡ್ಡ ಯಂತ್ರ ಕೊಳ್ಳುವ, ನಡೆಸುವ ಶಕ್ತಿ ಯಾವ ಒಂದು ವಿಶ್ವವಿದ್ಯಾಲಯಕ್ಕೂ ಇರಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿ ಒಂದು ಕಟ್ಟಿದರು. ಅಂದರೆ ಅದು ದೆಹಲಿಯವರದ್ದಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಗೆ ಅಲ್ಲಿ ಎಷ್ಟು ಹಕ್ಕಿದೆಯೋ ದೆಹಲಿಯವರಿಗೂ ಅಷ್ಟೇ. ನಿಮ್ಮ ಮಗಳು ಸುಮ್ನೆ ಹೋಗುತ್ತಿಲ್ಲ. ಅವಳೂ ಅವಳ ಗೈಡೂ ಪ್ರಯೋಗದ ಪ್ರಸ್ತಾವ ಬರೆದಿರುತ್ತಾರೆ. ದೇಶದ ನಾನಾ ಕಡೆಯವರು ಬೀಮ್, ಅಂದರೆ ಯಂತ್ರದಿಂದ ಹೊರಡುವ ಅಯಾನುಗಳ ಧಾರೆ, ಕೇಳಲು ಬರುವ ಸಮಿತಿಯ ಮುಂದೆ ಅದನ್ನು ಮಂಡಿಸಿರುತ್ತಾರೆ. ಅಲ್ಲಿ ಹಿರಿಯರು ಪ್ರಶ್ನೆ ಕೇಳಿ ಕೇಳಿ ಬೆವರಿಳಿಸುತ್ತಾರೆ. ಅದೆಲ್ಲ ದಾಟಿದ ಮೇಲೆ ಎಂಟೆಂಟು ತಾಸಿನ ಶಿಫ್ಟುಗಳ ಲೆಕ್ಕದಲ್ಲಿ ಬೀಮ್ ಸಿಗುತ್ತದೆ. ಸಿಕ್ಕ ಶಿಫ್ಟನ್ನು ಬೀಗರ ಮಾತು ಕೇಳಿ ಬಿಟ್ಟುಕೊಟ್ಟರೆ ಮತ್ತೆ ಸರದಿ ಬರಲು ಬಹಳ ಕಾಯಬೇಕು. ಅಷ್ಟರಲ್ಲಿ ಅವಳ ಫೆಲೋಶಿಪ್ ಮುಗಿದಿರುತ್ತದೆ.

ಈಗ ಯಂತ್ರದ ವಿಷಯ. ಕೈಗಾ ಹತ್ತಿರ ಇರುವುದರಿಂದಲೋ ಏನೋ, ನಮ್ಮ ಕಡೆಯವರು ಅಣುವಿಗೆ ಸಂಬಂಧಪಟ್ಟದ್ದನ್ನೆಲ್ಲ ರಿಯಾಕ್ಟರ್ ಅಂದುಕೊಳ್ಳುತ್ತಾರೆ. ಇದು ರಿಯಾಕ್ಟರ್ ಅಲ್ಲ. ಇಲ್ಲಿ ಯುರೇನಿಯಂ ಇಂಧನ ಉರಿಯುವುದಿಲ್ಲ, ಸರಪಳಿ ಕ್ರಿಯೆ ಇಲ್ಲ, ಕರಗಿಹೋಗುವ ಕೋರ್ ಇಲ್ಲ. ಇರುವುದು ಒಂದು ಎತ್ತರದ ಉಕ್ಕಿನ ಟ್ಯಾಂಕು, ಸುಮಾರು 26 ಮೀಟರ್. ಅದರ ನಡುವೆ ಒಂದು ಟರ್ಮಿನಲ್, ಅಂದರೆ ವಿದ್ಯುದಾವೇಶ ಕೂಡಿಡುವ ಭಾಗ. ಲೋಹದ ಗುಂಡುಗಳನ್ನು ನೈಲಾನ್ ಕೊಂಡಿಗಳಿಂದ ಜೋಡಿಸಿದ ಸರಪಳಿ ಒಂದೇ ಸಮ ಓಡುತ್ತ ಆ ಟರ್ಮಿನಲ್‌ಗೆ ವಿದ್ಯುದಾವೇಶ ಹೊತ್ತು ಹಾಕುತ್ತದೆ. ಹಾಗೆ ಕೂಡಿಟ್ಟದ್ದು ಒಂದು ಕೋಟಿ ವೋಲ್ಟ್ ದಾಟುತ್ತದೆ. ಯಂತ್ರದ ವಿನ್ಯಾಸ 1.5 ಕೋಟಿ ವೋಲ್ಟಿನದು. ಪೆಲೆಟ್ರಾನ್ ಅಂತ ಕರೆಯುವುದು ಆ ಗುಂಡುಗಳಿಂದಲೇ.

ಲೆಕ್ಕ ನೋಡಿ, ಸರಳವಾಗಿದೆ. ಆಮ್ಲಜನಕದ ಅಯಾನು ಒಂದು ಋಣ ಆವೇಶ ಹೊತ್ತು ಮೇಲಿನಿಂದ ಇಳಿಯುತ್ತದೆ. ಟರ್ಮಿನಲ್ ಧನ ಆವೇಶದ್ದು, 1.2 ಕೋಟಿ ವೋಲ್ಟ್ ಇದೆ ಅನ್ನಿ. ಅದು ಎಳೆದುಕೊಳ್ಳುತ್ತದೆ, 12 ಎಂಇವಿ ಸಿಕ್ಕಿತು (ಎಂಇವಿ ಅಂದರೆ ಒಂದು ಆವೇಶ ಹತ್ತು ಲಕ್ಷ ವೋಲ್ಟ್ ದಾಟಿದರೆ ಸಿಗುವ ಶಕ್ತಿ). ಟರ್ಮಿನಲ್ ಒಳಗೆ ಇಂಗಾಲದ ಅತಿ ತೆಳು ಹಾಳೆ ಇದೆ. ಅದನ್ನು ದಾಟುವಾಗ ಅಯಾನಿನ ಎಲೆಕ್ಟ್ರಾನುಗಳು ಕಳಚಿಹೋಗುತ್ತವೆ. ಏಳು ಧನ ಆವೇಶ ಉಳಿಯಿತು. ಈಗ ಅದೇ ಟರ್ಮಿನಲ್ ಅದನ್ನು ಕೆಳಕ್ಕೆ ದಬ್ಬುತ್ತದೆ. ಏಳು ಹನ್ನೆರಡಲೆ 84. ಒಟ್ಟು 96 ಎಂಇವಿ. ಒಂದೇ ವೋಲ್ಟೇಜನ್ನು ಎರಡು ಸಲ ಬಳಸಿಕೊಂಡ ಹಾಗಾಯಿತು. ಇನ್ನೂ ಜಾಸ್ತಿ ಶಕ್ತಿ ಬೇಕಾದರೆ ಮುಂದೆ ನಿಯೋಬಿಯಂ ಲೋಹದ ಲಿನಾಕ್, ಅಂದರೆ ನೇರ ಸಾಲಿನಲ್ಲಿ ವೇಗ ಹೆಚ್ಚಿಸುವ ಯಂತ್ರ ಇದೆ. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣಿಸಿ ಅದನ್ನು ನಡೆಸುತ್ತಾರೆ.

ಇಷ್ಟು ಶಕ್ತಿ ಯಾಕೆ ಬೇಕು? ಎರಡು ನ್ಯೂಕ್ಲಿಯಸ್‌ಗಳಿಗೂ ಧನ ಆವೇಶ. ಹತ್ತಿರ ಬಂದರೆ ಒಂದನ್ನೊಂದು ದೂಡುತ್ತವೆ. ಆ ತಡೆ ಮುರಿದು ಮುಟ್ಟಿಸಬೇಕು. ಮುಟ್ಟಿದರೆ ಕೆಲವು ಸಲ ಎರಡೂ ಸೇರಿ ಒಂದಾಗಿ ಬಿರುಸಾಗಿ ತಿರುಗುತ್ತವೆ, ಗಾಮಾ ಕಿರಣ ಬಿಡುತ್ತ ನಿಧಾನ ಆಗುತ್ತವೆ. ಆ ಗಾಮಾ ಕಿರಣಗಳನ್ನು ಜರ್ಮೇನಿಯಂ ಡಿಟೆಕ್ಟರ್‌ಗಳಲ್ಲಿ ಹಿಡಿದು, ನ್ಯೂಕ್ಲಿಯಸ್ಸಿನ ಆಕಾರ ಹೇಗಿತ್ತು ಅಂತ ತಿಳಿಯುವುದು ನಿಮ್ಮ ಮಗಳ ಕೆಲಸ. ಪತ್ರದಲ್ಲಿ ಅವಳ ಥೀಸಿಸ್ ವಿಷಯ ಬರೆದಿದ್ದೀರಿ, ಅದರಿಂದ ಗೊತ್ತಾಯಿತು. ಒಳ್ಳೆಯ ವಿಷಯ. ಅವಳ ಗೈಡ್‌ಗೆ ನನ್ನ ನಮಸ್ಕಾರ ತಿಳಿಸಿ.

96 ಎಂಇವಿ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಅದು ಒಂದು ಕಣದ ಲೆಕ್ಕ. ಬೀಮ್‌ನಲ್ಲಿ ಸೆಕೆಂಡಿಗೆ 600 ಕೋಟಿ ಕಣ ಹೋಗುತ್ತಿದ್ದರೂ ಒಟ್ಟು ಶಕ್ತಿ ಒಂದು ವಾಟಿನ ಹತ್ತನೇ ಒಂದು ಭಾಗ. ಇದರಿಂದ ಊರು ಹಾರಿಹೋಗುವುದಿಲ್ಲ.

ಹಾಗಾದರೆ ವಿಕಿರಣ ಇಲ್ಲವೇ? ಇದೆ. ಬೀಮ್ ತನ್ನೆದುರು ಇಟ್ಟ ಟಾರ್ಗೆಟ್‌ಗೋ ತಾನು ಸಾಗುವ ಕೊಳವೆಯ ಅಂಚಿಗೋ ಬಡಿದಾಗ ನ್ಯೂಟ್ರಾನ್, ಗಾಮಾ ಬರುತ್ತವೆ. ಆ ಹೊತ್ತಿನಲ್ಲಿ ಬೀಮ್ ಹಾಲ್ ಒಳಗೆ ಯಾರೂ ಇರುವಂತಿಲ್ಲ. ನಿಮ್ಮ ಮಗಳು ದಪ್ಪ ಕಾಂಕ್ರೀಟ್ ಗೋಡೆಯ ಈಚೆ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ. ಬೀಮ್ ಬಿಡುವ ಮುಂಚೆ ಹಾಲ್‌ನಲ್ಲಿ ಯಾರೂ ಉಳಿದಿಲ್ಲ ಅಂತ ಸುತ್ತಾಡಿ ನೋಡುತ್ತಾರೆ. ಬಾಗಿಲಿಗೂ ಯಂತ್ರಕ್ಕೂ ಇಂಟರ್‌ಲಾಕ್ ಇರುತ್ತದೆ. ಬಾಗಿಲು ತೆರೆದರೆ ಬೀಮ್ ನಿಲ್ಲಬೇಕು, ವ್ಯವಸ್ಥೆಯೇ ಹಾಗೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ ಅಲ್ವಾ? ಬೀಮ್ ನಿಂತರೆ ಆ ವಿಕಿರಣವೂ ಹಾಗೆಯೇ ನಿಲ್ಲುತ್ತದೆ. ಟಾರ್ಗೆಟ್ ಮತ್ತು ಬೀಮ್ ತಡೆದ ಲೋಹದ ಬಟ್ಟಲಿನಲ್ಲಿ ಮಾತ್ರ ಸ್ವಲ್ಪ ವಿಕಿರಣಶೀಲತೆ ಉಳಿಯುತ್ತದೆ. ಅದನ್ನು ಅಳೆಯಲು ಸರ್ವೇ ಮೀಟರ್ ಇದೆ. ಮೀಟರ್ ನೋಡಿದ ಮೇಲೆ ಒಳಗೆ ಕಾಲಿಡಬೇಕು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ನನ್ನ ವಿದ್ಯಾರ್ಥಿಗಳು ಮೀಟರ್ ಇಲ್ಲದೆ ಬಾಗಿಲ ತನಕ ಹೋದರೂ ವಾಪಸ್ ಕಳಿಸುತ್ತಿದ್ದೆ. ಅವಸರ ಇದ್ದರೂ ಅಷ್ಟೇ, ನಸುಕಿನ ನಾಲ್ಕು ಗಂಟೆ ಆಗಿದ್ದರೂ ಅಷ್ಟೇ.

ಎದೆಯ ಮೇಲೆ ಒಂದು ಬ್ಯಾಡ್ಜ್ ಕೊಡುತ್ತಾರೆ. ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಅದರಲ್ಲಿ ದಾಖಲಾಗುತ್ತದೆ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರಿಗೆ ಮಿತಿ ಇದೆ. ಮೈಗೆ ತಾಗಿದ ವಿಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ನನ್ನ ಬ್ಯಾಡ್ಜಿನ ವರದಿ ಪ್ರತಿ ಸಲವೂ ಅದಕ್ಕಿಂತ ಬಹಳ ಕೆಳಗೇ ಇತ್ತು. ಹೋಲಿಸಿ ನೋಡಬೇಕೇ? ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿಗೆ 5ರಿಂದ 10. ಗ್ಯಾಸ್ ಆಗಿದ್ದಕ್ಕೆಲ್ಲ "ಒಂದು ಸಿ.ಟಿ. ಮಾಡಿಸ್ರಿ ಡಾಕ್ಟರೇ" ಅಂತ ತಾವೇ ಕೇಳುವವರು, ಮಗಳು ಲ್ಯಾಬಿಗೆ ಹೊರಟರೆ ಬೆಚ್ಚಿಬೀಳುತ್ತಾರೆ. ಇದು ನನಗೆ ಅರ್ಥವೇ ಆಗುವುದಿಲ್ಲ.

ಇನ್ನು ಮಕ್ಕಳಾಗುವ ಮಾತು. ಇದನ್ನು ಎಲ್ಲರೂ ಪಿಸುಮಾತಿನಲ್ಲಿ ಕೇಳುತ್ತಾರೆ, ನಾನು ಜೋರಾಗಿಯೇ ಹೇಳುತ್ತೇನೆ. ಅಂಡಾಶಯಕ್ಕೆ ಹಾನಿ ಆಗಬೇಕಾದರೆ ಬೇಕಾಗುವ ವಿಕಿರಣ ಈ ಮಿತಿಗಳಿಗಿಂತ ಹತ್ತಾರು ಪಟ್ಟು ದೊಡ್ಡದು. ಹಿರೋಶಿಮಾ, ನಾಗಾಸಾಕಿಯಲ್ಲಿ ಬಾಂಬಿಗೆ ಸಿಕ್ಕು ಬದುಕಿದವರಿಗೆ ಆಮೇಲೆ ಹುಟ್ಟಿದ ಸುಮಾರು 77 ಸಾವಿರ ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ್ದಾರೆ. ತಂದೆತಾಯಿಗೆ ತಾಗಿದ ವಿಕಿರಣದಿಂದ ಆ ಮಕ್ಕಳಲ್ಲಿ ವಂಶಪಾರಂಪರ್ಯದ ದೋಷ ಹೆಚ್ಚಾದದ್ದು ಕಂಡುಬಂದಿಲ್ಲ. ಮೇರಿ ಕ್ಯೂರಿಯ ಹೆಸರು ಹೇಳಿ ಹೆದರಿಸುವವರೂ ಇದ್ದಾರೆ. ಆಕೆ ರೇಡಿಯಂ ಅನ್ನು ಬರಿಗೈಯಲ್ಲಿ ಹಿಡಿದು ಕೆಲಸ ಮಾಡಿದರು. 1934ರಲ್ಲಿ ಮಜ್ಜೆಯ ಕಾಯಿಲೆಯಿಂದ ತೀರಿಕೊಂಡರು, ನಿಜ. ಆಕೆ ಆ ಕೆಲಸ ಶುರು ಮಾಡಿದಾಗ ಬ್ಯಾಡ್ಜ್ ಇರಲಿಲ್ಲ, ಮಿತಿ ಇರಲಿಲ್ಲ, ಅಪಾಯವೇ ಸರಿಯಾಗಿ ಗೊತ್ತಿರಲಿಲ್ಲ. ಆದರೆ ರೇಡಿಯಂ ಜೊತೆ ವರ್ಷಗಟ್ಟಲೆ ದುಡಿದ ಮೇಲೆ 1904ರಲ್ಲಿ ಆಕೆಗೆ ಹುಟ್ಟಿದ ಎರಡನೇ ಮಗಳು ಈವ್ 102 ವರ್ಷ ಬದುಕಿದರು. ಈ ಭಾಗವನ್ನು ಹೆದರಿಸುವವರು ಹೇಳುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ನಿಜವಾದದ್ದು. ಹೊಟ್ಟೆಯಲ್ಲಿರುವ ಮಗುವಿನ ವಿಷಯ ಬೇರೆ. ಅದೇ ಹಿರೋಶಿಮಾದಲ್ಲಿ ಬಾಂಬ್ ಬಿದ್ದಾಗ ಗರ್ಭದಲ್ಲಿದ್ದ ಮಕ್ಕಳಲ್ಲಿ ಕೆಲವರ ಮೆದುಳಿನ ಬೆಳವಣಿಗೆಗೆ ಹಾನಿಯಾಯಿತು. ಅದಕ್ಕೇ ಗರ್ಭಿಣಿಯರಿಗೆ ನಿಯಮ ಬಿಗಿ. ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಮಗುವಿಗೆ 1 ಮಿಲಿಸೀವರ್ಟ್ ದಾಟದಂತೆ ನೋಡಿಕೊಳ್ಳಬೇಕು. ಆದ್ದರಿಂದ ಈ ಕ್ಷೇತ್ರದ ತಂಗಿಯರಿಗೆಲ್ಲ ನನ್ನದು ಒಂದೇ ಮಾತು. ಗರ್ಭಿಣಿ ಅಂತ ಗೊತ್ತಾದ ದಿನವೇ ಲ್ಯಾಬಿನ ವಿಕಿರಣ ಸುರಕ್ಷತೆಯವರಿಗೆ ಹೇಳಿ. ನಾಚಿಕೆ ಬೇಡ. ಶಿಫ್ಟು ಹೋದರೆ ಹೋಗಲಿ.

ಈಗ ನೀವು ಕೇಳದ್ದನ್ನು ಹೇಳುತ್ತೇನೆ. ಇಂಥ ಲ್ಯಾಬಿನಲ್ಲಿ ಅಂಜಬೇಕಾದ ವಸ್ತುಗಳು ಬೇರೆ ಇವೆ, ಅವುಗಳ ಬಗ್ಗೆ ಒಬ್ಬ ತಂದೆಯೂ ಬರೆದಿಲ್ಲ. ಮೊದಲನೆಯದು ಲಿಕ್ವಿಡ್ ನೈಟ್ರೋಜನ್. ಜರ್ಮೇನಿಯಂ ಡಿಟೆಕ್ಟರ್ ತಣ್ಣಗಿರಬೇಕು, ಅದಕ್ಕೆ ಇದನ್ನು ತುಂಬುತ್ತಲೇ ಇರಬೇಕು. ಮೈನಸ್ 196 ಡಿಗ್ರಿ. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಅದಕ್ಕಿಂತ ಕೆಟ್ಟದ್ದು ಅದರ ಆವಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಚೆಲ್ಲಿದರೆ ಆಮ್ಲಜನಕವನ್ನು ಹೊರಗೆ ದೂಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ. ಮನುಷ್ಯ ಇದ್ದಕ್ಕಿದ್ದಂತೆ ಕುಸಿಯುತ್ತಾನೆ. ಟ್ಯಾಂಕಿನಲ್ಲಿ ಕಿಡಿ ಹಾರದಿರಲಿ ಅಂತ ತುಂಬಿರುವ ಸಲ್ಫರ್ ಹೆಕ್ಸಾಫ್ಲೋರೈಡ್ ಕೂಡ ಹೀಗೆಯೇ. ಗಾಳಿಗಿಂತ ಐದು ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಕೆಲಸ ಅಲ್ಲಿಯ ಎಂಜಿನಿಯರ್‌ಗಳದ್ದು, ವಿದ್ಯಾರ್ಥಿಗಳು ಆ ಕಡೆ ಹೋಗುವುದೇ ಬೇಡ.

ಡಿಟೆಕ್ಟರ್‌ಗೆ ಕೊಡುವ ವೋಲ್ಟೇಜ್ ಮೂರು, ನಾಲ್ಕು ಸಾವಿರ ಇರುತ್ತದೆ. ಅದನ್ನು ಇಳಿಸದೆ ಕೇಬಲ್ ಕೀಳಬಾರದು. ಸೀಸದ ಇಟ್ಟಿಗೆಗಳು ನೋಡಲು ಚಿಕ್ಕವು, ಒಂದೊಂದು 11 ಕಿಲೋ ತೂಗುತ್ತದೆ. ನಿದ್ದೆಗಣ್ಣಿನಲ್ಲಿ ಎತ್ತಿ ಕಾಲ ಮೇಲೆ ಹಾಕಿಕೊಂಡವರಿದ್ದಾರೆ. ಮಗಳಿಗೆ ಮುಂದೆ ಮುಚ್ಚಿದ ಗಟ್ಟಿ ಶೂ ಕೊಡಿಸಿ, ಚಪ್ಪಲಿಯಲ್ಲಿ ಕಳಿಸಬೇಡಿ. ಸೀಸ ಮುಟ್ಟಿದ ಕೈ ತೊಳೆಯದೆ ತಿನ್ನಬಾರದು ಅಂತ ಹೇಳಿ. ಡಬ್ಬಿಯಲ್ಲಿ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗೆಸ್ಟ್ ಹೌಸಿನಲ್ಲಿ ತಿನ್ನಲಿ, ಡಿಟೆಕ್ಟರ್ ಪಕ್ಕದಲ್ಲಿ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ತಪ್ಪುಗಳಾಗುವುದು ನಿದ್ದೆಗೆಟ್ಟಾಗ. ಬೀಮ್ ರಾತ್ರಿ ಹಗಲು ನಿಲ್ಲುವುದಿಲ್ಲ, ನಮ್ಮ ಹುಡುಗರು ಒಂದು ನಿಮಿಷವೂ ಹಾಳಾಗಬಾರದು ಅಂತ ಎರಡು ಶಿಫ್ಟು ಸೇರಿಸಿ ಕೂರುತ್ತಾರೆ. ಹಾಗೆ ಮಾಡಬೇಡ ಅಂತ ನಿಮ್ಮ ಮಗಳಿಗೆ ನೀವೇ ಹೇಳಿ. ಹಾಲ್‌ಗೆ ಒಬ್ಬಳೇ ಹೋಗಬಾರದು, ಜೊತೆಗೆ ಇನ್ನೊಬ್ಬರು ಇರಲೇಬೇಕು. ಅಪ್ಪ ಹೇಳಬೇಕಾದ ಬುದ್ಧಿಮಾತು ಇದು, ಬೀಗರು ಹೇಳಿದ್ದಲ್ಲ.

ಇನ್ನೊಂದು ಗಮನಿಸಿದ್ದೇನೆ. ಇಂಥ ಪತ್ರಗಳೆಲ್ಲ ಮಗಳ ಬಗ್ಗೆಯೇ ಬರುತ್ತವೆ. ಮಗನನ್ನು ಕಳಿಸಲೋ ಬೇಡವೋ ಅಂತ ಯಾರೂ ಕೇಳಿಲ್ಲ. ಗಂಡು ಮಕ್ಕಳ ಮೈ ಸೀಸದ್ದಲ್ಲ. ಅಂಜಿಕೆ ನಿಜವಾಗಿಯೂ ವಿಕಿರಣದ್ದಾಗಿದ್ದರೆ ಇಬ್ಬರಿಗೂ ಒಂದೇ ಪ್ರಶ್ನೆ ಇರಬೇಕಿತ್ತು.

ಹಳೇ ಹುಬ್ಬಳ್ಳಿಯಿಂದ: ಅಲ್ಲಿ ಗುಟ್ಟಾಗಿ ಬಾಂಬ್ ಮಾಡುತ್ತಾರೆ ಅಂತಾರೆ, ಹೌದೇ?

ಇಲ್ಲ.

ನವಲಗುಂದದಿಂದ: ಕಣಗಳನ್ನು ಡಿಕ್ಕಿ ಹೊಡೆಸಿದರೆ ಕಪ್ಪು ರಂಧ್ರ ಹುಟ್ಟಿ ಭೂಮಿಯನ್ನು ನುಂಗುವುದಿಲ್ಲವೇ?

ಈ ಯಂತ್ರಕ್ಕಿಂತ ಕೋಟಿಗಟ್ಟಲೆ ಪಟ್ಟು ಜಾಸ್ತಿ ಶಕ್ತಿಯ ಕಾಸ್ಮಿಕ್ ಕಿರಣಗಳು ನೂರಾರು ಕೋಟಿ ವರ್ಷಗಳಿಂದ ನಮ್ಮ ವಾತಾವರಣಕ್ಕೆ ಬಡಿಯುತ್ತಿವೆ, ಭೂಮಿ ಇನ್ನೂ ಇದೆ. ಆ ವಿಡಿಯೊಗಳನ್ನು ನೋಡುವುದು ಬಿಡಿ.

ಗದಗದಿಂದ: ಲಕ್ಕುಂಡಿ ಹತ್ತಿರ ನಮ್ಮ ಹೊಲದಲ್ಲಿ ಕಲ್ಲಿನ ವಿಗ್ರಹ ಸಿಕ್ಕಿದೆ. ದೆಹಲಿಯ ಆಕ್ಸಿಲರೇಟರ್‌ನಲ್ಲಿ ಕಾರ್ಬನ್ ಡೇಟಿಂಗ್ ಮಾಡಿಸಿ ವಯಸ್ಸು ತಿಳಿಯಬಹುದೇ? ಒಬ್ಬರು ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂತ ಹಣ ಕೇಳುತ್ತಿದ್ದಾರೆ.

ಹಣ ಕೊಡಬೇಡಿ. ಅವನು ಮೋಸಗಾರ. ಆ ಕೇಂದ್ರದಲ್ಲಿ ಕಾರ್ಬನ್-14 ಅಳೆಯಲು 5 ಲಕ್ಷ ವೋಲ್ಟಿನ ಬೇರೆ ಚಿಕ್ಕ ಆಕ್ಸಿಲರೇಟರ್ ಇದೆ, ಅದು ನಿಜ. ಒಂದು ಮಿಲಿಗ್ರಾಂ ಇಂಗಾಲ ಸಾಕು, ಪರಮಾಣುಗಳನ್ನು ಒಂದೊಂದಾಗಿ ಎಣಿಸುತ್ತದೆ. ಆದರೆ ಆ ಇಂಗಾಲ ಒಮ್ಮೆ ಜೀವ ಇದ್ದದ್ದರಿಂದ ಬಂದಿರಬೇಕು. ಕಟ್ಟಿಗೆ, ಇದ್ದಿಲು, ಎಲುಬು, ಕಾಳು. ಜೀವ ಹೋದ ಮೇಲೆ ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧ ಆಗುತ್ತ ಬರುತ್ತದೆ, ಲೆಕ್ಕ ಸಿಗುವುದು ಹಾಗೆ. ಕಲ್ಲು ಯಾವತ್ತೂ ಉಸಿರಾಡಿಲ್ಲ. ಕಲ್ಲಿನ ವಯಸ್ಸು ಬೇರೆ ರೀತಿಯಲ್ಲಿ ತಿಳಿದರೂ ಅದು ಬಂಡೆ ಹುಟ್ಟಿದ ಕಾಲ, ಶಿಲ್ಪಿ ಉಳಿ ಇಟ್ಟ ಕಾಲವಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಕ್ರಿ.ಶ. 1007ರದ್ದು ಅಂತ ನಮಗೆ ಗೊತ್ತಿರುವುದು ಶಾಸನದಿಂದ, ಯಂತ್ರದಿಂದಲ್ಲ. ವಿಗ್ರಹ ಸಿಕ್ಕ ವಿಷಯವನ್ನು ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಸುತ್ತಲಿನ ಮಣ್ಣು ಕೆದಕಬೇಡಿ. ಅದೇ ಮಣ್ಣಿನಲ್ಲಿ ಇದ್ದಿಲ ಚೂರು ಇದ್ದರೆ, ಅದನ್ನು ತೆಗೆಯಲು ಬಲ್ಲವರು ತೆಗೆದರೆ, ಅದರ ಕಾಲ ಹೇಳಬಹುದು.

ಶಿಗ್ಗಾವಿಯಿಂದ: ನಮ್ಮ ಅಕ್ಕನಿಗೆ ಕ್ಯಾನ್ಸರ್. ಆ ಲ್ಯಾಬಿಗೆ ಕರೆದೊಯ್ದರೆ ಚಿಕಿತ್ಸೆ ಸಿಗುತ್ತದೆಯೇ? ರೇಡಿಯೇಶನ್ ಕೊಟ್ಟ ಮೇಲೆ ಅವರ ಹತ್ತಿರ ಮಕ್ಕಳನ್ನು ಬಿಡಬಾರದಂತೆ?

ಅದು ಸಂಶೋಧನೆಯ ಜಾಗ, ಆಸ್ಪತ್ರೆಯಲ್ಲ. ರೇಡಿಯೇಶನ್ ಚಿಕಿತ್ಸೆ ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಆಸ್ಪತ್ರೆಯ ಲಿನಾಕ್ ಕೂಡ ಒಂದು ಆಕ್ಸಿಲರೇಟರೇ, ಎಲೆಕ್ಟ್ರಾನುಗಳನ್ನು ಓಡಿಸಿ ಎಕ್ಸ್-ರೇ ಮಾಡುತ್ತದೆ. ಹೊರಗಿನಿಂದ ಹಾಯಿಸುವ ಆ ಕಿರಣ ಯಂತ್ರ ನಿಂತ ಕೂಡಲೇ ಮುಗಿಯಿತು, ಅಕ್ಕನ ಮೈಯಲ್ಲಿ ಏನೂ ಉಳಿಯುವುದಿಲ್ಲ. ಮಕ್ಕಳು ಧಾರಾಳವಾಗಿ ತೊಡೆಯ ಮೇಲೆ ಕೂರಲಿ. ರೇಡಿಯೋ ಅಯೋಡಿನ್ ಕುಡಿಸಿದರೆ, ಇಲ್ಲವೇ ವಿಕಿರಣದ ಮೂಲವನ್ನು ಒಳಗೇ ಇಟ್ಟರೆ ನಿಯಮ ಬೇರೆ, ಅದನ್ನು ಡಾಕ್ಟರೇ ಹೇಳುತ್ತಾರೆ. ಕಾಯಿಲೆಯ ಮನುಷ್ಯರನ್ನು ಮೂಲೆಗೆ ಕೂರಿಸಬೇಡಿ. ಬೇರು, ಭಸ್ಮ ಕೊಟ್ಟು ವಾಸಿ ಮಾಡುತ್ತೇನೆ ಅನ್ನುವವರ ಹತ್ತಿರ ತಿಂಗಳು ಕಳೆದು ಆಮೇಲೆ ಆಸ್ಪತ್ರೆಗೆ ಬರಬೇಡಿ. ಆ ತಿಂಗಳುಗಳು ತಿರುಗಿ ಸಿಗುವುದಿಲ್ಲ.

ಧಾರವಾಡದ ಸಪ್ತಾಪುರದಿಂದ: ವಿಕಿರಣ ತಡೆಯುವ ಕ್ವಾಂಟಮ್ ಪೆಂಡೆಂಟ್ ಕೊಂಡಿದ್ದೇನೆ. ಅದರಿಂದ ಅಯಾನುಗಳು ಬರುತ್ತವಂತೆ. ಮಗನಿಗೂ ಹಾಕಲೇ?

ಮಗನಿಗೆ ಹಾಕಬೇಡಿ, ನಿಮ್ಮ ಕೊರಳಿನದನ್ನೂ ತೆಗೆಯಿರಿ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸಿನ ಅಣು ಸುರಕ್ಷತಾ ಸಂಸ್ಥೆ ಇಂಥ ಹತ್ತು ವಸ್ತುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅವೇ ವಿಕಿರಣ ಬಿಡುತ್ತಿದ್ದವು. ಇಂಥ ಕೆಲವು ಪೆಂಡೆಂಟ್‌ಗಳಲ್ಲಿ ಥೋರಿಯಂ ಇರುವ ಖನಿಜದ ಪುಡಿ ಬೆರೆಸಿರುತ್ತಾರೆ. ಅಯಾನು ಬರುತ್ತದೆ ಅಂತ ಮೀಟರ್ ಹಿಡಿದು ತೋರಿಸುತ್ತಾರಲ್ಲ, ಅದು ಬರುವುದು ಆ ವಿಕಿರಣದಿಂದಲೇ. ಲ್ಯಾಬಿನಲ್ಲಿ ಬ್ಯಾಡ್ಜ್, ಗೋಡೆ, ಮಿತಿ ಎಲ್ಲ ಇದ್ದರೂ ಜನ ಹೆದರುತ್ತಾರೆ. ಮಾರುವವನು ಹಾರೈಸಿ ಕೊಟ್ಟರೆ ಅದೇ ವಿಕಿರಣವನ್ನು ಹಗಲು ರಾತ್ರಿ ಎದೆಗೆ ಅಂಟಿಸಿಕೊಳ್ಳುತ್ತಾರೆ. ಇದನ್ನು ಮಾರುವವರ ಮೇಲೆ ನನಗೆ ಬಹಳ ಸಿಟ್ಟಿದೆ. ಅದನ್ನು ಒಡೆಯಬೇಡಿ, ಅರೆಯಬೇಡಿ, ನೀರಿನಲ್ಲಿ ನೆನೆಸಿ ಆ ನೀರು ಕುಡಿಯುವ ಹುಚ್ಚಾಟವಂತೂ ಬೇಡವೇ ಬೇಡ. ವಿಕಿರಣ ತಡೆಯುತ್ತದೆ ಅಂತ ಮೊಬೈಲ್ ಹಿಂದೆ ಅಂಟಿಸುವ ಚಿಪ್ಪಿಗೂ ಕಾಸು ಹಾಕಬೇಡಿ.

ಮುಂಡರಗಿಯ ಬಿ.ಎಸ್ಸಿ. ವಿದ್ಯಾರ್ಥಿನಿ: ಸರ್, ನನಗೂ ಅಲ್ಲಿ ಕೆಲಸ ಮಾಡುವ ಆಸೆ. ಈಗಿನಿಂದ ಏನು ಮಾಡಬೇಕು? ನಮ್ಮ ಕಾಲೇಜಿನಲ್ಲಿ ಒಳ್ಳೆಯ ಲ್ಯಾಬ್ ಇಲ್ಲ.

ಇಂಥ ಪತ್ರ ಬಂದರೆ ನನ್ನ ದಿನ ಚೆನ್ನಾಗಿ ಹೋಗುತ್ತದೆ, ತಂಗಿ. ಆ ಕೇಂದ್ರದವರು ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಬೇಸಿಗೆಯ ತರಬೇತಿ ನಡೆಸುತ್ತ ಬಂದಿದ್ದಾರೆ. ಪ್ರಕಟಣೆ ಅವರ ವೆಬ್‌ಸೈಟಿನಲ್ಲಿ ಬರುತ್ತದೆ, ಕಣ್ಣಿಟ್ಟಿರು. ಲ್ಯಾಬ್ ಇಲ್ಲ ಅಂದೆಯಲ್ಲ, ಅದಕ್ಕೂ ಅವರೇ ದಾರಿ ಮಾಡಿದ್ದಾರೆ. ಎಕ್ಸ್‌ಪೈಸ್ ಅಂತ ಅಂಗೈಯಗಲದ ಉಪಕರಣ ರೂಪಿಸಿದ್ದಾರೆ. ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿದರೆ ಆಸಿಲೋಸ್ಕೋಪ್ ಆಗುತ್ತದೆ, ಲೋಲಕದ ಕಾಲ ಅಳೆಯುತ್ತದೆ, ಕೆಪಾಸಿಟರ್ ಬರಿದಾಗುವುದನ್ನು ತೆರೆಯ ಮೇಲೆ ತೋರಿಸುತ್ತದೆ. ವಿನ್ಯಾಸ, ಸಾಫ್ಟ್‌ವೇರ್ ಎರಡೂ ಮುಕ್ತ. ಬೆಲೆ ಒಂದು ಕಾಲೇಜಿಗೆ ಹೊರೆಯಲ್ಲ. ನಿಮ್ಮ ಫಿಸಿಕ್ಸ್ ಮೇಷ್ಟ್ರಿಗೆ ಈ ಅಂಕಣ ತೋರಿಸಿ ಒಂದು ತರಿಸಲು ಹೇಳು. ಜೊತೆಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿ, ಬೆಸುಗೆ ಹಾಕುವುದು ಕಲಿ. ಬೀಮ್ ಟೈಮ್‌ನಲ್ಲಿ ರಾತ್ರಿ ಎರಡು ಗಂಟೆಗೆ ಕೇಬಲ್ ಕೈಕೊಟ್ಟಾಗ ಥಿಯರಿ ಬಾಯಿಪಾಠ ಮಾಡಿದವರು ಸುಮ್ಮನೆ ನಿಲ್ಲುತ್ತಾರೆ, ಬೆಸುಗೆ ಬಲ್ಲವರು ಪ್ರಯೋಗ ಉಳಿಸುತ್ತಾರೆ. ಮೇಷ್ಟ್ರು ಒಪ್ಪದಿದ್ದರೆ ನನಗೆ ಮತ್ತೆ ಬರೆ, ನಾನೇ ಅವರ ಜೊತೆ ಮಾತಾಡುತ್ತೇನೆ.